ನೀರಿಗಿಳಿದ ಕೆಂಪು ಕಾರು

ಮಳೆಗಾಲದಲ್ಲಿ ತಗ್ಗು ಕಾರು ಓಡಿಸುವವನು ಪೇಚಾಟ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ನೀರಿನ ಜೊತೆ ತಾನೇ ಹರಿದು ಬರುತ್ತದೆ.

ಆಗ ನಾನು ದಾವಣಗೆರೆಯ ಒಬ್ಬ ಹತ್ತಿ ವ್ಯಾಪಾರಿಯ ಮನೆಯಲ್ಲಿ ಡ್ರೈವರ್. ಯಜಮಾನರ ಒಬ್ಬನೇ ಮಗ ಬೊಂಬಾಯಿಯಲ್ಲಿ ಓದಿ ಬರುವಾಗ ಕೆಂಪನೆಯ ಸ್ಪೋರ್ಟ್ಸ್ ಕಾರು ತಂದಿದ್ದ. ಎರಡೇ ಸೀಟು, ಮೇಲೆ ಚಾವಣಿಯಿಲ್ಲ, ನೆಲದಿಂದ ಒಂದೇ ಗೇಣು ಎತ್ತರ. ಬೇಸಿಗೆಯಲ್ಲಿ ಹುಡುಗನಿಗೆ ಕಾಮಾಲೆ ಬಂತು. ಹದಿನೈದೇ ದಿನ, ಹೋಗಿಬಿಟ್ಟ.

ಕಾರ್ಯವೆಲ್ಲ ಮುಗಿದ ಮೇಲೆ ಯಜಮಾನರು ಬೀಗದ ಕೈ ನನ್ನ ಕೈಗಿಟ್ಟರು. “ಮಾರಂಗಿಲ್ಲ, ನಿಲ್ಲಿಸಂಗಿಲ್ಲ. ದಿನಾ ಒಂದು ಸುತ್ತು ಹೊಡ್ಕೊಂಡು ಬಾ. ಅದರ ಸಪ್ಪಳ ಮನ್ಯಾಗ ಕೇಳ್ತಿರ್ಲಿ.”

ಆ ವರ್ಷವೇ ಮಳೆ ಹುಚ್ಚು ಹಿಡಿದಂತೆ ಸುರಿಯಿತು.

ಎತ್ತಿನ ಗಾಡಿಯವನು

ಒಂದು ದಿನ ನಿಟ್ಟುವಳ್ಳಿ ಕಡೆ ಹೋದವನು ತಗ್ಗಿನಲ್ಲಿ ಸಿಕ್ಕಿಬಿದ್ದೆ. ಇಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಸೊಂಟದ ಮಟ್ಟ ನೀರಿನಲ್ಲಿ ಸ್ಟೇರಿಂಗ್ ಹಿಡಿದು ಕೂತಿದ್ದೆ. ಶಾಮನೂರಿನ ಗಾಡಿಯವನೊಬ್ಬ ಎತ್ತು ನಿಲ್ಲಿಸಿ ಕೇಳಿದ:

“ಏನಪ್ಪಾ, ನೀರಾಗ ಕುಂತು ಏನ್ ಮಾಡ್ತಿದಿ?”

“ಕಾರು ಹೊಡೀತಿದ್ದೆ.”

“ಕಾರು ಎಲ್ಲೈತೆ?”

“ನನ್ನ ಕೆಳಗೈತೆ.”

ಪಾಪ, ಹಗ್ಗ ಕಟ್ಟಿ ಮನೆಯವರೆಗೂ ಎಳೆದು ತಂದ. ಯಜಮಾನರು ಮಳೆಯಲ್ಲೇ ಗೇಟಿನ ಹತ್ತಿರ ನಿಂತಿದ್ದರು. ತಲೆಯ ಮೇಲೆ ಟವೆಲ್ ಸಹ ಇರಲಿಲ್ಲ. “ಸಪ್ಪಳ ಯಾಕ ಬರ್ಲಿಲ್ಲ?” ಎಂದು ಕೇಳಿದರು. ಏನೂ ಗೊತ್ತಿಲ್ಲದ ಗಾಡಿಯವನೇ ಕೈಮುಗಿದು ಹೇಳಿದ: “ತಪ್ಪಾತ್ರಿ ಯಜಮಾನ್ರೇ, ಎತ್ತಿಗೆ ಗೆಜ್ಜೆ ಕಟ್ಟಿಲ್ಲ. ನಾಳೆ ಕಟ್ಕೊಂಡು ಬರ್ತೀನಿ.”

ಯಜಮಾನರು ಹತ್ತಿದ್ದು

ಮರುವಾರ ಯಜಮಾನರೇ ಬಂದು ಕಾರಿನಲ್ಲಿ ಕೂತರು. ಕೂತರು ಅನ್ನುವುದಕ್ಕಿಂತ ಇಳಿದರು ಅನ್ನಬೇಕು. ದೊಡ್ಡ ಆಳು; ಸೀಟು ನೋಡಿದರೆ ಹುಡುಗನ ಅಳತೆಯದು.

ಹತ್ತಿ ಅಂಗಡಿಗಳ ಬೀದಿಯಲ್ಲಿ ಮೊಣಕಾಲುದ್ದ ನೀರು. ಅರ್ಧ ಬೀದಿಗೆ ಕಾರು ನಿಂತಿತು. ಬಾಗಿಲ ಸಂದಿಯಿಂದ ನೀರು ಒಳಗೆ ಬರತೊಡಗಿತು. ಯಜಮಾನರು ಏಳಲು ನೋಡಿದರು, ಆಗಲಿಲ್ಲ. ನಾನು ರಟ್ಟೆ ಹಿಡಿದು ಎಳೆದೆ.

“ಬಿಡು, ಎಳೀಬ್ಯಾಡ,” ಎಂದರು. ಕಣ್ಣು ಮುಂದಿನ ಗಾಜಿನ ಮೇಲಿತ್ತು. “ಒಂದು ಸುತ್ತು ಬರ್ರಿ ಅಪ್ಪಾಜಿ ಅಂತ ಕರದಿದ್ದ. ಕುಣಿಯೋ ಮಂದಿ ಹತ್ತೋ ಗಾಡಿ, ನಾನ್ ಬರಲ್ಲ ಅಂತ ಬೈದು ಕಳಿಸಿದ್ದೆ.”

ನಾನು ರಟ್ಟೆ ಬಿಟ್ಟು ಅವರ ತಲೆಗೆ ಛತ್ರಿ ಹಿಡಿದು ನಿಂತೆ. ನೀರು ಅವರ ಹೊಟ್ಟೆಯ ಮಟ್ಟಕ್ಕೆ ಬಂದಾಗ ಅವರದೇ ಅಂಗಡಿಯ ನಾಲ್ಕು ಹಮಾಲರು ಓಡಿಬಂದರು. ಇಬ್ಬರು ಕಂಕುಳಿಗೆ, ಇಬ್ಬರು ಕಾಲಿಗೆ ಕೈ ಹಾಕಿದರು. ಅಭ್ಯಾಸಬಲ, ಒಬ್ಬನ ಕೈ ಹತ್ತಿಯ ಅಂಡಿಗೆ ಎಳೆಯಲು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕೊಕ್ಕೆಗೆ ಹೋಯಿತು. ಹಿರಿಯ ಹಮಾಲ ಕೂಗಿದ: “ಲೇ, ಕೊಕ್ಕೆ ಹಾಕಬ್ಯಾಡೋ! ಇದು ಅಂಡಿಗೆ ಅಲ್ಲ, ಯಜಮಾನ್ರು!”

ಹರಿಹರದ ದಾರಿ

ಕಡೆಗೆ ಅಮ್ಮನವರು, ಯಜಮಾನರ ಹೆಂಡತಿ. ಮಗ ಹೋದಾಗಿನಿಂದ ಯಾರ ಜೊತೆಗೂ ಎರಡು ಮಾತಾಡಿದವರಲ್ಲ. ಒಂದು ಬೆಳಿಗ್ಗೆ ಛತ್ರಿ ಹಿಡಿದು ಬಂದು ನಿಂತರು. “ಹರಿಹರಕ್ಕೆ ಕರ್ಕೊಂಡು ಹೋಗ್ತೀನಿ ಅಂದಿದ್ದ. ನೀನೇ ಕರ್ಕೊಂಡು ಹೋಗು.”

ಬೇಡ ಅನ್ನುವ ಧೈರ್ಯ ನನಗಿರಲಿಲ್ಲ.

ಹರಿಹರದಲ್ಲಿ ಹೊಳೆ ಉಕ್ಕಿ ದೇವಸ್ಥಾನದ ಬೀದಿಗೇ ಬಂದಿತ್ತು. “ಮುಂದಕ್ಕೆ ಬಿಡಂಗಿಲ್ಲ, ಹಿಂದಕ್ಕೆ ಹೋಗ್ರಿ,” ಅಂದ ಪೊಲೀಸಿನವ. ಅಮ್ಮನವರು ಕಾರಿನಲ್ಲಿ ಕೂತೇ ಗೋಪುರದ ಕಡೆ ಕೈಮುಗಿದರು. ತಿರುಗಿಸುವಷ್ಟರಲ್ಲಿ ಇಂಜಿನ್ ನಿಂತಿತು.

ಅಕ್ಕಪಕ್ಕದ ಮನೆಗಳಿಂದ ಏಳು ಜನ ಗಂಡಸರು ನೀರಿಗಿಳಿದರು. ನಾನೂ ಇಳಿದು ಹಿಂದಿನಿಂದ ನೂಕಲು ಕೈಹಾಕಿದೆ. ಒಳಗೆ ಅಮ್ಮನವರು ಸೀರೆ ಮುದುರಿಕೊಂಡು, ಛತ್ರಿ ನೆಟ್ಟಗೆ ಹಿಡಿದು ಕೂತಿದ್ದರು. ಕಾರು ಉತ್ಸವ ಹೊರಟಂತೆ ಮೆಲ್ಲಗೆ ಸಾಗಿತು.

ಜಗಲಿಯ ಮೇಲಿದ್ದ ಮುದುಕಿಯೊಬ್ಬಳು ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. “ಯಾರದವ್ವಾ ಗಾಡಿ?”

“ನನ್ನ ಮಗಂದವ್ವಾ.”

“ಇವ್ರೆಲ್ಲಾ ನಿನ್ನ ಮಕ್ಕಳೇನು? ಪುಣ್ಯವಂತೆ ಬಿಡವ್ವಾ! ತಾಯಿನ ಕುಂದ್ರಿಸಿ ಇಷ್ಟು ಮಂದಿ ನೂಕ್ತಾರಲ್ಲ!”

ಅಮ್ಮನವರ ಛತ್ರಿ ಅಲುಗಿದ್ದು ಕಂಡಿತು, ಮುಖ ಕಾಣಲಿಲ್ಲ. ಆಮೇಲೆ ಅವರು ನಿಧಾನವಾಗಿ ಹಿಂದೆ ತಿರುಗಿದರು. ಕಣ್ಣು ತುಂಬಿತ್ತು. ಕೆಸರು ಮೆತ್ತಿದ ನಮ್ಮೆಲ್ಲರ ಮುಖವನ್ನೂ ಒಂದೊಂದಾಗಿ ನೋಡಿದರು. ಎಷ್ಟೋ ತಿಂಗಳಿಂದ ಮುಚ್ಚಿದ್ದ ಆ ತುಟಿ ಸ್ವಲ್ಪ ಓರೆಯಾಯಿತು.

“ಹೌದವ್ವಾ, ಎಂಟು ಮಂದಿ,” ಎಂದರು. “ಒಬ್ಬನಿಗೂ ಕಾರು ಹೊಡಿಯಾಕ ಬರಲ್ಲ ನೋಡು!”

ನೂಕುತ್ತಿದ್ದವರೆಲ್ಲ ಹೊಟ್ಟೆ ಹಿಡಿದು ನಗುತ್ತಾ ಕೈ ಬಿಟ್ಟರು. ಕಾರು ಮತ್ತೆ ನೀರಿನಲ್ಲಿ ನಿಂತಿತು.