ಬಾಗಿಲಿಗೆ ತಕ್ಕ ಮನೆ

ಕಟ್ಟಡದ ಕೆಲಸದಲ್ಲಿ ಮರಳು ಮುಗಿಯುತ್ತದೆ, ಸಿಮೆಂಟು ಮುಗಿಯುತ್ತದೆ, ಮನೆ ಕಟ್ಟಿಸುವವರ ತಾಳ್ಮೆಯಂತೂ ಎಲ್ಲಕ್ಕಿಂತ ಮೊದಲು ಮುಗಿಯುತ್ತದೆ. ನಗು ಬರಿಸುವ ಪ್ರಸಂಗಗಳು ಮಾತ್ರ ಯಾವತ್ತೂ ಮುಗಿದದ್ದಿಲ್ಲ.

ನಾನು ಚಿಕ್ಕಬಳ್ಳಾಪುರದ ಒಬ್ಬ ಕಂಟ್ರಾಕ್ಟರ ಹತ್ತಿರ ಸಾಮಾನು ಖರೀದಿ ನೋಡಿಕೊಳ್ಳುವವನು. ಬೆಳಿಗ್ಗೆ ಮಂಜಿನಲ್ಲಿ ಸ್ಕೂಟರ್ ಹತ್ತಿದರೆ ಒಂದು ದಿನ ಚಿಂತಾಮಣಿ, ಇನ್ನೊಂದು ದಿನ ಗೌರಿಬಿದನೂರು. ಕಡಿಮೆ ದರಕ್ಕೆ ತರಬೇಕು, ಹೊತ್ತಿಗೆ ಸರಿಯಾಗಿ ತರಬೇಕು, ತಂದದ್ದು ಹಾಳಾಗದ ಹಾಗೆ ಇಡಬೇಕು. ಕೆಲಸ ಇಷ್ಟೇ. ಆದರೆ ಮಂಡಿಕಲ್ ಕಡೆಯ ಗುಡ್ಡಗಳು ಮಂಜಿನ ಮೇಲೆ ತೇಲುವುದನ್ನು ನೋಡುತ್ತಾ ಹೋದರೆ, ನಾನು ಏನು ತರಲು ಹೊರಟೆ ಅನ್ನುವುದೇ ಮರೆತುಹೋಗುತ್ತದೆ. ಇಂಥವನ ಕೈಗೆ ಖರೀದಿ ಕೊಟ್ಟ ನಮ್ಮ ಕಂಟ್ರಾಕ್ಟರ ಧೈರ್ಯವನ್ನು ಮೆಚ್ಚಬೇಕು.

ಇಲ್ಲಿ ಹೇಳುವುದೆಲ್ಲ ಒಂದೇ ಮನೆಯ ಪ್ರಸಂಗಗಳು. ಶಿಡ್ಲಘಟ್ಟದಲ್ಲಿ ಒಬ್ಬ ಟೀಚರಮ್ಮ ರಿಟೈರಾದ ಮೇಲೆ ಮನೆ ಕಟ್ಟಿಸಲು ಹೊರಟರು. ಅಲ್ಲಿಯವರೆಗೆ ಇದ್ದದ್ದೆಲ್ಲ ಬಾಡಿಗೆ ಮನೆ. ಯಾವ ಮನೆಯ ಕಿಟಕಿ ತೆರೆದರೂ ಎದುರಿಗೆ ಪಕ್ಕದ ಮನೆಯ ಗೋಡೆ. ಹಾಗಾಗಿ ಅವರಿಗೆ ಇದ್ದದ್ದು ಒಂದೇ ಆಸೆ: ಮಹಡಿಯ ಮೇಲೆ ಒಂದು ಪುಟ್ಟ ಕೋಣೆ, ಅದಕ್ಕೊಂದು ಕಿಟಕಿ, ಕಿಟಕಿಯಲ್ಲಿ ನಂದಿ ಬೆಟ್ಟ. “ಸಾಲ ಮಾತ್ರ ಮಾಡಲ್ಲ ಕಣಪ್ಪ, ಇರೋ ದುಡ್ಡಲ್ಲೇ ಆಗ್ಬೇಕು. ಮೇಲಿನ ಕೋಣೆ ತಪ್ಪಿಸಬೇಡಿ” ಅಂದರು. ಅವರು ಹಾಗೆ ಹೇಳುವಾಗ ಕಣ್ಣು ಆಗಲೇ ಆ ಕಿಟಕಿಯ ಹತ್ತಿರ ಇತ್ತು. ತಪ್ಪಿಸಲ್ಲ ಅಂತ ನಾನೂ ಮಾತು ಕೊಟ್ಟೆ.

ಅಗ್ಗದ ಬಾಗಿಲು

ಪಾಯ ತೋಡುವ ಮೊದಲೇ ಸೈಟಿಗೆ ಒಂದು ಟ್ರ್ಯಾಕ್ಟರ್ ಬಂತು. ಅದರಲ್ಲಿ ಟೀಚರಮ್ಮನ ತಮ್ಮ, ಅವರ ಪಕ್ಕದಲ್ಲಿ ಚೌಕಟ್ಟಿನ ಸಮೇತ ಒಂದು ತೇಗದ ಬಾಗಿಲು. ಚಿಂತಾಮಣಿಯಲ್ಲಿ ಯಾವುದೋ ಹಳೇ ದೊಡ್ಡ ಮನೆ ಕೆಡವುತ್ತಿದ್ದರಂತೆ, ಅಗ್ಗಕ್ಕೆ ಸಿಕ್ಕಿತಂತೆ. “ಅಕ್ಕಾ, ಎಷ್ಟು ಖರ್ಚು ಉಳಿಸಿದೀನಿ ನೋಡು” ಅಂತ ತಮ್ಮ ಟವೆಲಿನಿಂದ ಬಾಗಿಲು ಒರೆಸಿದರು.

ಬಾಗಿಲು ಆನೆ ನುಗ್ಗುವಷ್ಟು ಎತ್ತರ. ನಮ್ಮ ಪ್ಲಾನಿನಲ್ಲಿದ್ದ ಸೂರಿಗೆ ಅದರ ತಲೆ ತಗಲುತ್ತಿತ್ತು. ಮಾರಿಬಿಡಿ ಅಂತ ಕಂಟ್ರಾಕ್ಟರು ಹೇಳುವಷ್ಟರಲ್ಲಿ ಟೀಚರಮ್ಮ ಹೊಸ್ತಿಲಿಗೆ ಅರಿಶಿನ ಬಳಿದು, ಕುಂಕುಮ ಇಟ್ಟು, ಕರ್ಪೂರ ಹಚ್ಚಿಬಿಟ್ಟಿದ್ದರು. “ಪೂಜೆ ಆದ ಹೊಸ್ತಿಲನ್ನ ಯಾರಾದ್ರೂ ಆಚೆ ಕಳಿಸ್ತಾರೇನಪ್ಪ?”

ಕಂಟ್ರಾಕ್ಟರು ಪ್ಲಾನು ಬಿಚ್ಚಿ ಮತ್ತೆ ಗೆರೆ ಎಳೆದರು. ಬಾಗಿಲಿಗಾಗಿ ಗೋಡೆ ಏರಿತು, ಗೋಡೆಯ ಜೊತೆ ಇಟ್ಟಿಗೆ, ಕಬ್ಬಿಣ, ಕೂಲಿ ಎಲ್ಲ ಏರಿತು. ಮೇಸ್ತ್ರಿ ಊಟಕ್ಕೆ ಕೂತಾಗ ಹೇಳಿದ: “ಇಷ್ಟು ವರ್ಷ ಮನೆಗೆ ಬಾಗ್ಲು ಇಟ್ಟಿದೀನಿ ಸಾರ್. ಬಾಗ್ಲಿಗೆ ಮನೆ ಇಡ್ತಿರೋದು ಇದೇ ಮೊದ್ಲು.”

ಸೊಪ್ಪಿನ ಕೋಣೆ

ಸಿಮೆಂಟಿನ ದರ ಏರುತ್ತದೆ ಅಂತ ಸುದ್ದಿ ಬಂತು. ಏರುವ ಮೊದಲೇ ಕೊಂಡಿಟ್ಟರೆ ಬಾಗಿಲು ತಿಂದದ್ದನ್ನು ಸಿಮೆಂಟಿನಲ್ಲಿ ಉಳಿಸಬಹುದು ಅಂತ ಕಂಟ್ರಾಕ್ಟರು ಲೆಕ್ಕ ಹಾಕಿ, ಇಡೀ ಮನೆಗೆ ಬೇಕಾದಷ್ಟು ತರಿಸಿದರು. ಇಡಲು ಜಾಗ? ಪಕ್ಕದ ರೈತರ ಹುಳದ ಮನೆ ಖಾಲಿ ಇತ್ತು. ರೇಷ್ಮೆ ಹುಳಕ್ಕೆ ಸೊಪ್ಪು ತಂದು ಇಡುವ ಮುಂದಿನ ಕೋಣೆಯಲ್ಲಿ ಮೂಟೆ ಇಟ್ಟುಕೊಳ್ಳಿ ಅಂದರು ಆ ಪುಣ್ಯಾತ್ಮ.

ಆದರೆ ಆ ಸಲ ಹಿಪ್ಪುನೇರಳೆ ಚೆನ್ನಾಗಿ ಚಿಗುರಿತು, ಅವರು ಅಂದುಕೊಂಡದ್ದಕ್ಕಿಂತ ಬೇಗ ಮರಿಹುಳ ತಂದುಬಿಟ್ಟರು. ನಾನು ಮೂಟೆ ತರಲು ಹೋದರೆ ಬಾಗಿಲಲ್ಲೇ ಕೈ ಅಡ್ಡ ಹಿಡಿದರು. “ಧೂಳೆದ್ದರೆ ನನ್ನ ಬೆಳೆ ಹೋಯ್ತು ಸ್ವಾಮಿ. ಗೂಡು ಕಟ್ಟೋವರ್ಗೂ ಯಾರೂ ಒಳಗೆ ಬರಂಗಿಲ್ಲ. ಮೆಲ್ಲಗೆ ಮಾತಾಡಿ.”

ಒಳಗೆ ಹುಳುಗಳು ಸೊಪ್ಪು ಮೇಯುವ ಸದ್ದು ಸೋನೆ ಮಳೆಯ ಹಾಗೆ ಕೇಳುತ್ತಿತ್ತು. ನಾನು ಹೊರಗಿನ ಜಗಲಿಯ ಮೇಲೆ ಕೂತು ಅದನ್ನೇ ಕೇಳುತ್ತಾ ಬಂದ ಕೆಲಸ ಮರೆತೆ. ಕೆಲಸದವರೂ ಒಬ್ಬೊಬ್ಬರಾಗಿ ಬಂದು ಪಕ್ಕದಲ್ಲಿ ಕೂತರು. ಅವರು ಕೂತರೂ ಕೂಲಿ ಮಾತ್ರ ಓಡುತ್ತಲೇ ಇತ್ತು. ಹೊಸ ಸಿಮೆಂಟು ತರೋಣ ಅಂದರೆ ದುಡ್ಡೆಲ್ಲ ಸೊಪ್ಪಿನ ಕೋಣೆಯಲ್ಲಿತ್ತು. ನಾವು ಹಾಗೆ ಕೂತಿದ್ದಾಗಲೇ ಸಿಮೆಂಟಿನ ದರ ಇಳಿಯಿತು.

ಗೂಡಿಗೆ ಮಾರ್ಕೆಟ್ಟಿನಲ್ಲಿ ಒಳ್ಳೇ ರೇಟು ಸಿಕ್ಕಿತು. ರೈತರು ನಮಗೆಲ್ಲ ಮೈಸೂರು ಪಾಕು ಹಂಚಿ, ಕಂಟ್ರಾಕ್ಟರನ್ನು ಪಕ್ಕಕ್ಕೆ ಕರೆದು ಕೇಳಿದರು: “ನಿಮ್ಮ ಮೂಟೆ ಕಾಲ್ಗುಣ ಚೆನ್ನಾಗಿದೆ. ಇನ್ನೊಂದು ಬೆಳೆಗೂ ಇಟ್ಟಿರ್ತೀರಾ?”

ಮೂರು ಅಂಗಡಿ

ಇನ್ನು ಮೇಲೆ ಯಾವುದನ್ನೂ ಮೂರು ಅಂಗಡಿಯಲ್ಲಿ ದರ ಕೇಳದೆ ಕೊಳ್ಳಬಾರದು ಅಂತ ಕಂಟ್ರಾಕ್ಟರು ಆಜ್ಞೆ ಮಾಡಿದರು. ಮೇಲಿನ ಕೋಣೆಯ ಕಿಟಕಿಗಾಗಿ ನಾನು ಗೌರಿಬಿದನೂರಿಗೆ ಹೋದೆ. ಅವತ್ತು ಭಾರೀ ಮುಹೂರ್ತದ ದಿನ, ಊರಿಗೆ ಊರೇ ಮದುವೆಗೆ ಹೋಗಿತ್ತು.

ಮೊದಲನೇ ಮರದ ಅಂಗಡಿಯಲ್ಲಿ ಒಬ್ಬ ದಪ್ಪ ಮೀಸೆಯವರು ಕೂತಿದ್ದರು. ದರ ಹೇಳಿದರು. ಎರಡನೇ ಅಂಗಡಿಗೆ ಹೋದರೆ ಬೀಗ. ಹಿಂದಿನಿಂದ ಅದೇ ಮೀಸೆಯವರು ಬಂದು ಬೀಗ ತೆಗೆದರು. “ಇದು ನಮ್ಮದು. ಅದು ಪಕ್ಕದೋರದು, ನೋಡ್ಕೊಳ್ಳಿ ಅಂದಿದ್ರು” ಅಂದು, ಬೇರೆ ದರ ಹೇಳಿ, ದನಿ ತಗ್ಗಿಸಿದರು. “ಆ ಅಂಗಡೀಲಿ ಮಾತ್ರ ತಗೋಬೇಡಿ. ಬಾಯಿಗೆ ಬಂದ ರೇಟು ಹೇಳ್ತಾರೆ.”

“ಹೇಳಿದ್ದು ನೀವೇ ಅಲ್ವಾ?”

“ಅಲ್ಲಿ ಕೂತಾಗ ಅವರ ಪರ ಮಾತಾಡ್ಬೇಕಲ್ವಾ ಸಾರ್? ನಂಬಿ ಕೀ ಕೊಟ್ಟಿದಾರೆ.”

ಎದುರಿಗಿದ್ದ ಮೂರನೇ ಅಂಗಡಿಯ ಬೀಗವೂ ಅವರ ಜೇಬಿನಲ್ಲೇ ಇತ್ತು. ಅಲ್ಲಿ ಎಲ್ಲಕ್ಕಿಂತ ಕಡಿಮೆ ದರ. ಮಾರಿದ್ದು ವಾಪಸ್ ತಗೊಳ್ಳಲ್ಲ ಅಂತಲೂ ಹೇಳಿದರು. ಒಂದು ಚೆಂದದ ಎರಡು ಬಾಗಿಲ ಕಿಟಕಿ ಆರಿಸಿ, ಪೂರ್ತಿ ದುಡ್ಡು ಕೊಟ್ಟೆ. ಆಟೋಗೆ ಹತ್ತಿಸುವಾಗ ಮೀಸೆಯವರು ಬೆನ್ನು ತಟ್ಟಿದರು: “ಒಳ್ಳೇ ಕೆಲ್ಸ ಮಾಡಿದ್ರಿ. ಮೊದಲಿನ ಎರಡು ಅಂಗಡಿಯೋರೂ ಕಳ್ಳರು.”

ಬೆಟ್ಟ

ಕೊನೆಗೆ ಕೆಳಗಿನ ಮನೆ ಮುಗಿಯಿತು, ದುಡ್ಡೂ ಮುಗಿಯಿತು. ಮೇಲಿನ ಕೋಣೆಯನ್ನು ಬಾಗಿಲು ಸ್ವಲ್ಪ ತಿಂದಿತ್ತು, ಉಳಿದದ್ದನ್ನು ರೇಷ್ಮೆ ಹುಳು ಮೇಯ್ದಿತ್ತು. ಕೋಣೆ ಆಗಲ್ಲ ಅಂತ ಹೇಳುವ ಪಾಲು ನನಗೇ ಬಂತು. ಹೇಳಿದೆ. ಟೀಚರಮ್ಮ ಬಯ್ಯಲಿಲ್ಲ. ಗೋಡೆಗೆ ಒರಗಿಸಿದ್ದ ಕಿಟಕಿಯ ಮೇಲೆ ಸುಮ್ಮನೆ ಕೈಯಾಡಿಸಿದರು. ಬಯ್ದಿದ್ದರೇ ಚೆನ್ನಾಗಿತ್ತು ಅನ್ನಿಸಿತು ನನಗೆ.

ಗೃಹಪ್ರವೇಶವಾದ ಮೇಲೆ ಒಂದು ಸಂಜೆ ಹೋದೆ. ಟೀಚರಮ್ಮ ಮಹಡಿಯ ಮೇಲಿದ್ದರು. ಉಳಿದ ಇಟ್ಟಿಗೆಯಲ್ಲಿ ಮೇಸ್ತ್ರಿಯಿಂದ ಒಂದೇ ಒಂದು ಗೋಡೆ ಕಟ್ಟಿಸಿ, ಅದರಲ್ಲಿ ಕಿಟಕಿ ಕೂರಿಸಿದ್ದರು. ಸೂರಿಲ್ಲ, ಉಳಿದ ಮೂರು ಗೋಡೆಯೂ ಇಲ್ಲ. ಕಿಟಕಿಯ ಮುಂದೆ ಕುರ್ಚಿ, ಕುರ್ಚಿಯಲ್ಲಿ ಕಾಫಿ ಲೋಟ ಹಿಡಿದ ಟೀಚರಮ್ಮ.

“ಅಮ್ಮ, ಸುತ್ತ ಬಯಲೇ ಇದೆಯಲ್ಲ. ಬೆಟ್ಟ ಎಲ್ಲಿ ನಿಂತರೂ ಕಾಣುತ್ತೆ.”

“ಬಯಲಲ್ಲಿ ನಿಂತು ನೋಡಿದ್ರೆ ಅದು ಊರೋರ ಬೆಟ್ಟ ಕಣಪ್ಪ. ಇಲ್ಲಿ ಕೂತು ನೋಡಿದ್ರೆ ನಮ್ಮನೆ ಬೆಟ್ಟ. ಬಾ, ಒಳಗೆ ಬಾ.”

ನಾನು ಚಪ್ಪಲಿ ಬಿಟ್ಟು, ಇಲ್ಲದ ಕೋಣೆಯ ಒಳಗೆ ಹೋದೆ. ಕಿಟಕಿಯಲ್ಲಿ ನಂದಿ ಬೆಟ್ಟ ನೀಲಿಯಾಗಿ, ಅರ್ಧ ಮೋಡದಲ್ಲಿ ಮಲಗಿತ್ತು. ನಿಜಕ್ಕೂ ಅದು ಬೇರೆಯೇ ಬೆಟ್ಟ.

ಅಷ್ಟರಲ್ಲಿ ಹನಿ ಶುರುವಾಯಿತು. ಟೀಚರಮ್ಮ ಎದ್ದು ಕಿಟಕಿಯ ಎರಡೂ ಬಾಗಿಲು ಮುಚ್ಚಿ, ಚಿಲಕ ಹಾಕಿ, ಮತ್ತೆ ಕುರ್ಚಿಯಲ್ಲಿ ಕೂತರು. ಮಳೆ ಜೋರಾಯಿತು. ಅದೇ ಹೊತ್ತಿಗೆ ಕಂಟ್ರಾಕ್ಟರ ಫೋನು.

“ಎಲ್ಲಿದೀಯಯ್ಯಾ?”

“ಟೀಚರಮ್ಮನ ಮೇಲಿನ ಕೋಣೇಲಿ ಸಾರ್.”

ಯಾವ ಕೋಣೆ ಅಂತ ಅವರು ಕೇಳಲಿಲ್ಲ, ಕೇಳಿದ್ದು ಇಷ್ಟೇ: “ಗೌರಿಬಿದನೂರಿಂದ ತಂದ್ಯಲ್ಲ, ಆ ಕಿಟಕಿ ಹೆಂಗಿದೆ? ಮಳೇಗೆ ಸೋರ್ತಿದೆಯಾ?”

ಮೂಗಿನ ತುದಿಯಿಂದ ಇಳಿಯುತ್ತಿದ್ದ ನೀರು ಒರೆಸಿಕೊಂಡೆ. “ಇಲ್ಲ ಸಾರ್. ಕಿಟಕಿಯಿಂದ ಒಂದು ಹನೀನೂ ಒಳಗೆ ಬರ್ತಿಲ್ಲ.”