ಲಿಂಕನ್ ಗಡ್ಡಕ್ಕೆ ಬಂದ ಪರೀಕ್ಷೆ

ಎಲ್ಲ ಶುರುವಾದದ್ದು ಆಲೂಗಡ್ಡೆ ಸಾಲಡ್ಡಿನಿಂದ. ಫೆಬ್ರವರಿಯಲ್ಲಿ ಚರ್ಚಿನ ಸಹಭೋಜನದ ದಿನ, ನಮ್ಮೂರು ಹಾಲ್‌ಬ್ರೂಕಿನ ಪ್ಲಂಬರ್ ವರ್ಲಿನ್ ಸ್ಟ್ರೌಡ್ ಒಂದು ಚಮಚ ಬಾಯಿಗಿಟ್ಟು, "ಇದಕ್ಕೆ ಉಪ್ಪು ಹಾಕೋದನ್ನ ಯಾರೋ ಮರ್ತಿದಾರೆ" ಅಂದ. ಮಾಡಿದವರು ಪಕ್ಕದಲ್ಲೇ ಕೂತಿದ್ದರು. ಅವರು ಮಿಸ್ ಥೆಲ್ಮಾ, ಊರಿನ ಅರ್ಧ ಜನಕ್ಕೆ ಎಂಟನೇ ಕ್ಲಾಸಿನಲ್ಲಿ ಅಮೆರಿಕದ ಇತಿಹಾಸ ಕಲಿಸಿ ನಿವೃತ್ತರಾದವರು.

"ಉಪ್ಪು ಮರ್ತಿರಬಹುದು ಕಣೋ. ನೀನು ನನ್ನ ಕ್ಲಾಸಲ್ಲಿ ಫೇಲಾಗಿದ್ದನ್ನ ಮಾತ್ರ ಮರ್ತಿಲ್ಲ," ಎಂದರು. "ಆರಡಿ ಬೆಳೆದಿದ್ದೆ ಅಂತ ಬಾಸ್ಕೆಟ್‌ಬಾಲ್ ಕೋಚು ನಿನ್ನನ್ನ ಮುಂದಿನ ಕ್ಲಾಸಿಗೆ ದಬ್ಬಿದ, ಅಷ್ಟೆ."

ಬೇರೆ ಯಾರಿಗಾದರೂ ಇದು ನಕ್ಕು ಬಿಡುವ ಮಾತು. ಆದರೆ ವರ್ಲಿನ್ ನಮ್ಮೂರ ಲಿಂಕನ್. ಪ್ರತಿ ಜುಲೈ ನಾಲ್ಕರ ಸ್ವಾತಂತ್ರ್ಯೋತ್ಸವದ ಮೆರವಣಿಗೆಯಲ್ಲಿ ಕಪ್ಪು ಕೋಟು, ಒಲೆಯ ಕೊಳವೆಯಂಥ ಟೋಪಿ, ಮೀಸೆ ಇಲ್ಲದ ಗಡ್ಡ, ಎಲ್ಲ ಹೊತ್ತು ಅಲಂಕರಿಸಿದ ಬಂಡಿಯ ಮೇಲೆ ನಿಲ್ಲುವವನು ಅವನೇ. ವರ್ಷವಿಡೀ ಕಕ್ಕಸು ಕಟ್ಟಿಕೊಂಡಾಗ ಮಾತ್ರ ನೆನೆಸಿಕೊಳ್ಳುವ ಜನ, ಅವತ್ತೊಂದು ದಿನ ಅವನನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು. ಆ ಒಂದು ದಿನಕ್ಕಾಗಿ ಅವನು ಉಳಿದ ದಿನಗಳನ್ನೆಲ್ಲ ಸಹಿಸಿಕೊಂಡಿದ್ದ.

"ಇತಿಹಾಸದಲ್ಲಿ ಫೇಲಾದ ಲಿಂಕನ್ನಾ?" ಎಂದು ದಂತವೈದ್ಯ ಪೆಲ್ಹಮ್ ಬಹಳ ದುಃಖದಿಂದ ತಲೆಯಾಡಿಸಿದರು. "ಪಕ್ಕದೂರಿನವರಿಗೆ ಗೊತ್ತಾದ್ರೆ ಏನಂತಾರೆ?"

ಆ ದುಃಖಕ್ಕೆ ಹಿನ್ನೆಲೆಯಿತ್ತು. ಕೆಲವು ವರ್ಷ ಹಿಂದೆ ಪೆಲ್ಹಮ್ ಅಂಟಿಸಿದ ಗಡ್ಡ ಹಾಕಿಕೊಂಡು ಲಿಂಕನ್ ಪಾತ್ರ ಕೇಳಲು ಬಂದಾಗ, ಲಿಂಕನ್ನನ ಗಡ್ಡ ಸ್ವಂತದ್ದೇ ಆಗಿರತಕ್ಕದ್ದು ಎಂದು ಮೆರವಣಿಗೆ ಸಮಿತಿಯಲ್ಲಿ ನಿಯಮ ಮಾಡಿಸಿ ಓಡಿಸಿದವನು ವರ್ಲಿನ್. ಈಗ ಸಮಿತಿಯ ಅಧ್ಯಕ್ಷೆ ಡೊರೀನ್ ಎದ್ದುನಿಂತು, "ಜುಲೈ ಮೂರರ ಸಂಜೆಯೊಳಗೆ ಎಂಟನೇ ಕ್ಲಾಸಿನ ಇತಿಹಾಸ ಪಾಸು ಮಾಡಿದ್ರೆ ಟೋಪಿ ನಿನ್ನದು, ಇಲ್ಲದಿದ್ರೆ ಬೇರೆಯವರದು" ಎಂದು ತೀರ್ಪು ಕೊಟ್ಟಳು.

ಹಾಗಾಗಿ ವರ್ಲಿನ್ ಐವತ್ತೆರಡನೇ ವಯಸ್ಸಿನಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತು ದೂರಶಿಕ್ಷಣದ ಶಾಲೆಗೆ ಸೇರಿದ. ಪಾಠ ಮಾಡುವ ಮಿಸ್ ಯಾಜಿ ಇದ್ದದ್ದು ಅರಿಜೋನಾದಲ್ಲಿ. ಸಹಪಾಠಿಗಳು ಹದಿಮೂರು ವರ್ಷದವರು. ಮೊದಲ ದಿನವೇ ಒಬ್ಬಳು, "ತಾತಾ, ಅಂತರ್ಯುದ್ಧ ನಡೆದಾಗ ನಿಮ್ಮ ಮನೆ ಯಾವ ಕಡೆ ಇತ್ತು?" ಎಂದು ಕೇಳಿದಳು. ಸಿಟ್ಟು ಬಂದರೂ ನುಂಗಿಕೊಂಡು ಓದಿದ. ಪೈಪು ಬಿಗಿಯುತ್ತಲೇ ಅಧ್ಯಕ್ಷರ ಹೆಸರುಗಳನ್ನು ಬಾಯಿಪಾಠ ಮಾಡಿದ. ಏಪ್ರಿಲ್‌ನಿಂದ ಎಂದಿನಂತೆ ಗಡ್ಡವನ್ನೂ ಬಿಟ್ಟ.

ಕೊನೆಯ ಪರೀಕ್ಷೆ ಬಿದ್ದದ್ದು ಜುಲೈ ಮೂರರ ಮಧ್ಯಾಹ್ನಕ್ಕೆ. ಕೋಣೆಯಲ್ಲಿ ಒಬ್ಬನೇ ಇರಬೇಕು, ಕ್ಯಾಮೆರಾಕ್ಕೆ ಮೂರು ಸಲ ಬೇರೆ ಮನುಷ್ಯರು ಕಂಡರೆ ಪರೀಕ್ಷೆ ರದ್ದು. ವರ್ಲಿನ್ ಮಲಗುವ ಕೋಣೆಯ ಬಾಗಿಲು ಹಾಕಿ, ಲ್ಯಾಪ್‌ಟಾಪನ್ನು ಸುತ್ತ ತಿರುಗಿಸಿ ತೋರಿಸಿದ. "ಕೋಣೆಯಲ್ಲಿ ಇನ್ನೊಬ್ಬರಿದ್ದಾರೆ. ಮೊದಲ ಎಚ್ಚರಿಕೆ," ಎಂದಿತು ಯಂತ್ರ. ಮೂಲೆಯಲ್ಲಿ ಒಂದು ಕಂಬಕ್ಕೆ ಹಸಿರು ನಿಲುವಂಗಿ ತೊಡಿಸಿ ನಿಲ್ಲಿಸಿತ್ತು.

"ಮಾರ್ಲಿಸ್, ಇದನ್ನ ಆಚೆ ತಗೊಂಡ್ಹೋಗೆ," ಎಂದು ಕೂಗಿದ.

ಹೆಂಡತಿ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಬಂದಳು. "ಎಲ್ಲಿಗೆ ಅಂತ ಒಯ್ಲಿ? ನಾಳೆ ಮೆರವಣಿಗೇಲಿ ದೊಂದಿ ಎತ್ತಿದ ಪ್ರತಿಮೆ ಥರ ನಿಲ್ಲೋದಕ್ಕೆ ಲಿಬರ್ಟಿ ದೇವಿ ಬಂಡಿಗೆ ಇನ್ನೂ ಆಳು ಸಿಕ್ಕಿಲ್ಲ. ಇದನ್ನ ಹೊಲಿದದ್ದು ಆರೂಕಾಲಡಿ ಹೆಂಗಸಿಗೆ, ಅವಳು ಫ್ಲಾರಿಡಾಕ್ಕೆ ಮನೆ ಬದಲಾಯಿಸಿದ್ಲು. ಬೇರೆ ಯಾರಿಗೆ ಹಾಕಿದ್ರೂ ಡೇರೆ ಒಳಗೆ ಹೊಕ್ಕ ಹಾಗೆ ಕಾಣುತ್ತೆ." ಗೊಣಗುತ್ತಾ ಅದನ್ನು ಹೊತ್ತುಕೊಂಡು ಹೋದಳು.

ಅವಳು ಹೋಗುತ್ತಿದ್ದಂತೆ ಡೊರೀನ್ ನಿಂಬೆಹಣ್ಣಿನ ಪೈ ಹಿಡಿದು ನೇರ ಒಳಗೇ ಬಂದಳು. "ಪರೀಕ್ಷೆ ಅಂತ ಗೊತ್ತು, ತೊಂದರೆ ಕೊಡಲ್ಲ. ಒಳ್ಳೇದಾಗ್ಲಿ ಅಂತ ಹೇಳಿ ಹೋಗೋಣ ಅಂತ ಬಂದೆ. ತಟ್ಟೆ ಎಲ್ಲಿದೆ?"

"ಎರಡನೇ ಎಚ್ಚರಿಕೆ," ಎಂದಿತು ಯಂತ್ರ.

ಅವಳನ್ನೂ ಪೈಯನ್ನೂ ಆಚೆ ನೂಕಿ ಬಾಗಿಲಿಗೆ ಕುರ್ಚಿ ಒತ್ತಿಟ್ಟು ಕೂರುವಷ್ಟರಲ್ಲಿ ಪರದೆ ಕಪ್ಪಾಯಿತು. ಕಿಟಕಿಯಾಚೆ ಪಕ್ಕದ ಮನೆಯ ಹಾರ್ಲನ್ ಏಣಿ ಹತ್ತಿ, ಬೀದಿಗೆ ಅಡ್ಡಲಾಗಿ ಬಾವುಟಗಳ ಸರ ಕಟ್ಟುತ್ತಿದ್ದ. ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ಇಂಟರ್ನೆಟ್ಟಿನ ತಂತಿಯ ತುಂಡು.

"ವರ್ಲಿನ್, ಈ ಹಳೇ ಹಗ್ಗ ನಿಂಗೇನಾದ್ರೂ ಬೇಕಾ?" ಎಂದು ಮೇಲಿನಿಂದಲೇ ಕೇಳಿದ.

ಊರಿನಲ್ಲಿ ಒಳ್ಳೆಯ ಇಂಟರ್ನೆಟ್ ಇದ್ದ ಇನ್ನೊಂದೇ ಜಾಗ ಪೆಲ್ಹಮ್ ಅವರ ಹಲ್ಲಿನ ಆಸ್ಪತ್ರೆ. ಮಾನ ಮರ್ಯಾದೆ ಬದಿಗಿಟ್ಟು ವರ್ಲಿನ್ ಅಲ್ಲಿಗೇ ಓಡಿದ. ಆಶ್ಚರ್ಯವೆಂದರೆ ಪೆಲ್ಹಮ್ ಹಳೆಯದನ್ನು ಎತ್ತಲೇ ಇಲ್ಲ. ಪಾಪ, ಅವರಿಗೆ ಈ ವರ್ಷ ಹೂವಿನ ಧೂಳು ಆಗದೆ ಸೀನು ಹತ್ತಿತ್ತು. ವಸಂತದಿಂದೀಚೆಗೆ ಕಿರಾಣಿ ಅಂಗಡಿಗೂ ಮಾಸ್ಕ್ ಹಾಕಿಕೊಂಡೇ ಬರುತ್ತಿದ್ದರು. ಈಗಲೂ ಮಾಸ್ಕಿನೊಳಗೇ ಸೀನಿ, "ಬಾರಯ್ಯಾ, ಇದನ್ನ ನಿನ್ನ ಮನೆ ಅಂತ್ಲೇ ತಿಳ್ಕೋ" ಎಂದು ರೋಗಿಗಳ ಕುರ್ಚಿಯಲ್ಲಿ ಮಲಗಿಸಿ, ದೀಪ ಹಾಕಿ, ಲ್ಯಾಪ್‌ಟಾಪನ್ನು ಹೊಟ್ಟೆಯ ಮೇಲಿಟ್ಟು ಕ್ಯಾಮೆರಾದ ಹಿಂದಕ್ಕೆ ಸರಿದರು.

ಯಂತ್ರ ಈ ಸಲ ಹೊಸ ರಾಗ ಎಳೆಯಿತು. "ಮುಖ ಹೊಂದುತ್ತಿಲ್ಲ. ದಯವಿಟ್ಟು ವಿದ್ಯಾರ್ಥಿಯನ್ನು ಕರೆಯಿರಿ."

ವರ್ಲಿನ್ ಶಾಲೆಗೆ ಸೇರುವಾಗ ಕೊಟ್ಟಿದ್ದು ಫೆಬ್ರವರಿಯ ಫೋಟೋ. ಅದರಲ್ಲಿ ಅವನ ಕೆನ್ನೆ ಬೇಯಿಸಿದ ಮೊಟ್ಟೆಯ ಹಾಗೆ ನುಣ್ಣಗಿತ್ತು. ಕೈಯಿಂದ ಗಡ್ಡ ಮುಚ್ಚಿ ನೋಡಿದ, ಮಫ್ಲರ್ ಸುತ್ತಿ ನೋಡಿದ, ಯಂತ್ರ ಒಪ್ಪಲಿಲ್ಲ. ಪರೀಕ್ಷೆಯ ಬಾಗಿಲು ಮುಚ್ಚಲು ಹತ್ತೇ ನಿಮಿಷ ಉಳಿದಿತ್ತು.

"ಬೋಳಿಸಿಬಿಡು," ಎಂದರು ಪೆಲ್ಹಮ್.

"ತಲೆ ಕೆಟ್ಟಿದೆಯೇನ್ರಿ? ನಾಳೆ ಮೆರವಣಿಗೆ. ಸ್ವಂತ ಗಡ್ಡವೇ ಇರಬೇಕು ಅಂತ ನಿಯಮ ಇದೆ."

"ಆ ನಿಯಮ ಮಾಡಿದ್ದು ಯಾರ ಮೇಲೆ? ನನ್ನ ಮೇಲೆ. ದೂರು ಕೊಡೋದಿದ್ರೆ ನಾನೇ ತಾನೆ ಕೊಡಬೇಕು?" ಪೆಲ್ಹಮ್ ಡ್ರಾಯರ್ ಎಳೆದು ತಮ್ಮ ಹಳೆಯ ಅಂಟುಗಡ್ಡವನ್ನು ತೆಗೆದರು. "ಇದನ್ನ ಹಾಕ್ಕೋ. ನನ್ನ ತಾಯಾಣೆ, ನಾನು ತುಟಿ ಬಿಚ್ಚಲ್ಲ."

ವರ್ಲಿನ್‌ಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಎಂಥ ಮನುಷ್ಯನನ್ನು ಶತ್ರು ಅಂದುಕೊಂಡೆನಲ್ಲಾ ಎಂದು ನೊಂದುಕೊಂಡ. ಪೆಲ್ಹಮ್ ಕ್ಯಾಮೆರಾವನ್ನು ಗೋಡೆಯ ಕಡೆ ತಿರುಗಿಸಿಟ್ಟು, ತಾವೇ ರೇಜರ್ ಹಿಡಿದು, ಮೂರು ತಿಂಗಳ ಬೆಳೆಯನ್ನು ಮೂರು ನಿಮಿಷದಲ್ಲಿ ಕೊಯ್ದು ಹಾಕಿದರು. ಯಂತ್ರ "ಸ್ವಾಗತ, ವರ್ಲಿನ್" ಎಂದಿತು.

ಪರದೆಯಲ್ಲಿ ಬಂದ ಮಿಸ್ ಯಾಜಿ, "ಹಲ್ಲು ಕೀಳಿಸ್ಕೊಳ್ತಾ ಪರೀಕ್ಷೆ ಬರೀತಿರೋ ಮೊದಲನೇ ವಿದ್ಯಾರ್ಥಿ ನೀವು" ಎಂದು ಕನಿಕರಪಟ್ಟು, ಒಂದರ ಮೇಲೊಂದು ಪ್ರಶ್ನೆ ಕೇಳಿದಳು. ವರ್ಲಿನ್ ನಲ್ಲಿ ತಿರುಗಿಸಿದಂತೆ ಉತ್ತರ ಸುರಿಸಿದ. ಕೊನೆಯದು, "ಸಾವಿರದ ಎಂಟುನೂರ ಅರವತ್ತರಲ್ಲಿ ಚುನಾವಣೆ ಗೆದ್ದಾಗ ಲಿಂಕನ್‌ಗೆ ಗಡ್ಡ ಇತ್ತಾ?"

"ಇರಲಿಲ್ಲ ಮೇಡಂ. ಹನ್ನೊಂದು ವರ್ಷದ ಹುಡುಗಿ ಒಬ್ಬಳು ಹೇಳಿದ ಮೇಲೆ ಬಿಟ್ಟದ್ದು."

"ಪಾಸು," ಎಂದಳು ಮಿಸ್ ಯಾಜಿ. ವರ್ಲಿನ್ ಪೆಲ್ಹಮ್ ಅವರನ್ನು ತಬ್ಬಿಕೊಂಡ. ಪೆಲ್ಹಮ್ ಮುಖ ಮಾತ್ರ ಆಚೆ ತಿರುಗಿಸಿಕೊಂಡರು.

ಸಂಜೆ ಗ್ರಂಥಾಲಯದಲ್ಲಿ ಸಮಿತಿ ಸೇರಿತು. ಅಂಟುಗಡ್ಡ ತೊಟ್ಟ ವರ್ಲಿನ್ ಎದೆಯುಬ್ಬಿಸಿ ಬಂದು ಫಲಿತಾಂಶ ತೋರಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಮಿಸ್ ಥೆಲ್ಮಾ ಅಂತೂ ಊರುಗೋಲು ಊರಿಕೊಂಡು ಹತ್ತಿರ ಬಂದು, "ಕೊನೆಗೂ ಕಲಿತ್ಯಲ್ಲೋ ಮುಂಡೇದೇ" ಎಂದು ಪ್ರೀತಿಯಿಂದ ಗಡ್ಡ ಹಿಡಿದು ಎಳೆದರು. ಗಡ್ಡ ಅವರ ಕೈಗೇ ಬಂತು.

ವರ್ಲಿನ್ ಪೆಲ್ಹಮ್ ಕಡೆ ನೋಡಿದ. ಅವರು ಕೊಟ್ಟ ಮಾತಿನಂತೆ ತುಟಿ ಬಿಚ್ಚಲಿಲ್ಲ.

"ಗಡ್ಡ ಇಲ್ಲದಿದ್ರೇನಂತೆ?" ವರ್ಲಿನ್ ತೊದಲುತ್ತಾ ವಾದ ಹೂಡಿದ. "ಚುನಾವಣೆ ಗೆದ್ದಾಗ ಲಿಂಕನ್‌ಗೆ ಗಡ್ಡವೇ ಇರಲಿಲ್ಲ. ಇವತ್ತಿನ ಪರೀಕ್ಷೆಯಲ್ಲೇ ಬಂದಿತ್ತು, ಬೇಕಾದ್ರೆ ಮಿಸ್ ಯಾಜಿನ ಕೇಳಿ."

ಡೊರೀನ್ ಮಿಸ್ ಥೆಲ್ಮಾರತ್ತ ನೋಡಿದಳು. "ಅವನು ಹೇಳ್ತಿರೋದು ಸರಿ," ಎಂದರು ಅವರು. ವರ್ಲಿನ್‌ಗೆ ಹೋದ ಜೀವ ಬಂತು.

"ಈ ವರ್ಷ ಲಿಂಕನ್ನನ ಬಂಡೀಲಿ ತೋರಿಸೋದು ಏನಪ್ಪಾ?" ಎಂದು ಅವರೇ ಕೇಳಿದರು.

"ಲಿಂಕನ್ನನ ಗೆಟಿಸ್‌ಬರ್ಗ್ ಭಾಷಣ," ಎಂದ ವರ್ಲಿನ್.

"ಅದು ಆಗಿದ್ದು ಯಾವ ವರ್ಷ?"

"ಸಾವಿರದ ಎಂಟುನೂರ ಅರವತ್ತಮೂರು," ವರ್ಲಿನ್ ಹೆಮ್ಮೆಯಿಂದ ಹೇಳಿದ.

"ಆಗ ಗಡ್ಡ?"

ಗೊತ್ತಿಲ್ಲ ಅಂದಿದ್ದರೆ ಉಳಿದುಕೊಳ್ಳುತ್ತಿದ್ದನೋ ಏನೋ. ಆದರೆ ಗೊತ್ತಿಲ್ಲ ಅಂದರೆ ಫೇಲಾದ ಹಾಗೆ. ನಾಲ್ಕು ತಿಂಗಳ ಓದು ಅವನ ಬಾಯಿ ಬಿಡಿಸಿತು. "ಇತ್ತು," ಎಂದ.

"ಛೆ, ಈಗೇನ್ ಮಾಡೋದು?" ಡೊರೀನ್ ತಲೆಯ ಮೇಲೆ ಕೈ ಹೊತ್ತಳು. "ಬೆಳಗಾಗೋದ್ರೊಳಗೆ ಸ್ವಂತ ಗಡ್ಡ ಇರೋ ಲಿಂಕನ್ನನ್ನ ಎಲ್ಲಿಂದ ತರೋದು?"

ಆಗ ಪೆಲ್ಹಮ್ ನಿಧಾನವಾಗಿ ಎದ್ದು ನಿಂತು, ಕಿವಿಯ ಹಿಂದಿನ ದಾರ ಬಿಚ್ಚಿ ಮಾಸ್ಕ್ ತೆಗೆದರು. ಮೀಸೆ ಇಲ್ಲದ, ಕಪ್ಪಗೆ ದಟ್ಟವಾದ, ವಸಂತದಿಂದ ಬೆಳೆಸಿದ ಗಡ್ಡ. ಮಿಸ್ ಥೆಲ್ಮಾ ಹೋಗಿ ಎಳೆದು ನೋಡಿದರು. ಅದು ಕಿತ್ತು ಬರಲಿಲ್ಲ.

ಮಾಸ್ಕ್ ತೆಗೆದ ಮೇಲೆ ಆ ಮನುಷ್ಯ ಒಂದೇ ಒಂದು ಸಲವೂ ಸೀನಿಲ್ಲ ಎಂಬುದು ವರ್ಲಿನ್‌ಗೆ ಈಗ ಹೊಳೆಯಿತು. ಮನೆಗೆ ಹೋಗಿ ಪೈ ತಿಂದು ಮಲಗೋಣ ಎಂದು ಬಾಗಿಲ ಕಡೆ ತಿರುಗಿದ. ಅಲ್ಲಿ ಮಾರ್ಲಿಸ್ ನಿಂತಿದ್ದಳು. ಅವಳ ತೋಳಿನ ಮೇಲೆ ಹಸಿರು ನಿಲುವಂಗಿ, ಕೈಯಲ್ಲಿ ಅಳತೆ ಪಟ್ಟಿ. ಅವಳು ಗಂಡನ ನುಣುಪಾದ ಮುಖವನ್ನೂ ಆರೂಕಾಲಡಿ ಎತ್ತರವನ್ನೂ ಮೊದಲ ಸಲ ಕಂಡವಳ ಹಾಗೆ ನೋಡುತ್ತಿದ್ದಳು.

"ರೀ," ಎಂದಳು, "ಬಲಗೈ ಸ್ವಲ್ಪ ಮೇಲೆತ್ತಿ."

ಮರುದಿನ ನಮ್ಮೂರ ಮೆರವಣಿಗೆಯಲ್ಲಿ ಲಿಂಕನ್ನನ ಬಂಡಿಯ ಹಿಂದೆಯೇ, ಮೈಗೆಲ್ಲ ಹಸಿರು ಬಣ್ಣ ಬಳಿದುಕೊಂಡ ಲಿಬರ್ಟಿ ದೇವಿ ದೊಂದಿ ಎತ್ತಿಕೊಂಡು ಸಾಗಿತು. ಬೀದಿಯ ಬದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಮಿಸ್ ಥೆಲ್ಮಾ ಕೂಗಿ ಕೇಳಿದರು, "ಏನೇ ತಾಯಿ, ನಿನ್ನನ್ನ ನಮ್ಮ ದೇಶದಲ್ಲಿ ನಿಲ್ಲಿಸಿದ್ದು ಯಾವಾಗ?"

"ಸಾವಿರದ ಎಂಟುನೂರ ಎಂಬತ್ತಾರು ಮಿಸ್," ಎಂದಿತು ದೇವಿ, ಕೈ ಇಳಿಸದೆ.