ಡಾಕ್ಟರಿಗೆ ಕೊಡಬೇಕಿದ್ದ ಒಂದು ತೋಟಾ

"ಸಾರಿ, ಯೂನಿಟ್ ಹದಿನೇಳು ಎಲ್ಲಿ ಬರುತ್ತೆ?"

ಲಂಡನ್ನಿನ ಪಶ್ಚಿಮದ ಗ್ರೀನ್‌ಫರ್ಡಿನ ಗೋದಾಮುಗಳ ನಡುವೆ ಸುತ್ತಿ ಸುತ್ತಿ ಮತ್ತೆ ಅದೇ ಕಸದ ತೊಟ್ಟಿಯ ಮುಂದೆ ಬಂದು ನಿಂತಿದ್ದೆ. ವ್ಯಾನಿನಿಂದ ಅಕ್ಕಿ ಮೂಟೆ ಇಳಿಸುತ್ತಿದ್ದ ಒಬ್ಬನನ್ನು ಇಂಗ್ಲಿಷಿನಲ್ಲಿ ಕೇಳಿದೆ. ಅವನು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡಿದ್ದ. "ಒಂದ್ ನಿಮ್ಷ ತಡಿ ಮಾರಾಯ, ಯಾರೋ ಹೆಂಗ್ಸ್ ದಾರಿ ತಪ್ಪಿ ಬಂದಿತ್" ಎಂದ.

"ದಾರಿ ತಪ್ಪಿದ್ದು ಇವತ್ತಲ್ಲಪ್ಪ, ಬಹಳ ಹಿಂದೆಯೇ" ಎಂದೆ ಕನ್ನಡದಲ್ಲಿ. ಫೋನು ನೆಲಕ್ಕೆ ಬಿತ್ತು.

ನನಗೆ ಇಂಥವು ಆಗುತ್ತಲೇ ಇರುತ್ತವೆ. ಬೇರೆ ಹೆಂಗಸರು ದಾರಿ ತಪ್ಪಿದರೆ ಮನೆಗೆ ತಡವಾಗಿ ಬರುತ್ತಾರೆ. ನಾನು ತಪ್ಪಿದರೆ ಅಲ್ಲೊಬ್ಬ ಕುಂದಾಪುರದವ ನಿಂತಿರುತ್ತಾನೆ. ಜಂಜಿಬಾರಿನಲ್ಲೂ ಒಬ್ಬ ನಿಂತಿದ್ದ.

ಬೋರ್ಡಿಲ್ಲದ ಅಂಗಡಿ

"ಹದಿನೇಳಾ?" ಅಂದ ಅವನು, ಫೋನು ಒರೆಸಿಕೊಳ್ಳುತ್ತ. "ಆ ಬೋರ್ಡಿಲ್ದಿದ್ ಅಂಗ್ಡಿಯಾ? ನಿಮ್ಗ್ ಎಂತಕೆ ಮಾರಾಯ್ರೆ ಅಲ್ಲಿಗ್ ಹೋಪ್ದ್?"

"ಒಂದು ಸಾಲ ತೀರಿಸೋದಿದೆ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಮುಖದಲ್ಲಿ ನಿಜವಾದ ಮರುಕ ಮೂಡಿತು. ಅಲ್ಲಿ ರೈಫಲ್ಲಿನ ತೋಟಾ ಕೈಯಲ್ಲೇ ಮಾಡಿಕೊಳ್ಳುವವರಿಗೆ ಬೇಕಾದ ಮದ್ದು, ಗುಂಡು, ಅವೆರಡನ್ನೂ ಹಿಡಿದಿಡುವ ಹಿತ್ತಾಳೆ ಕೇಸು ಮಾರುತ್ತಾರೆ, ಕಳ್ಳರ ಭಯಕ್ಕೆ ಬೋರ್ಡು ಹಾಕಿಲ್ಲ ಎಂದು ಬಿಡಿಸಿ ಹೇಳಿದೆ. ಅವನು ಮೂಟೆಯ ಮೇಲೆ ಕೂತೇಬಿಟ್ಟ.

"ಹೌದಾ! ದಿನಾ ಗಡ್ಡದವ್ರ್ ಬತ್ರ್. ಹೋಪತಿಗೆ ಮೋರೆ ಸಣ್ಣ ಮಾಡ್ಕಂಡ್ ಹೋತ್ರ್, ಬಪ್ಪತಿಗೆ ಸಣ್ ಪೊಟ್ಟಣ ಹಿಡ್ಕಂಡ್ ನೆಗಾಡ್ಕಂಡ್ ಬತ್ರ್. ಅಲ್ಲಿಪ್ದ್ ಜ್ಯೋತಿಷ್ಯದವ್ರ್ ಅಂದೇಳಿ ನಾವ್ ತಿಳ್ಕಂಡಿದ್ದಿತ್. ನಮ್ಮ್ ಮಾಣಿ ಜಾತ್ಕ ತೋರ್ಸುಕೆ ಒಂದ್ ಸಲ ಬಾಗ್ಲ್ ಸಹ ತಟ್ಟಿದ!"

ಸಾಲ ಹುಟ್ಟಿದ್ದು

ನನ್ನ ಕೆಲಸ ಸಾಂಬಾರ ಪದಾರ್ಥ ಕೊಳ್ಳುವುದು. ಏಲಕ್ಕಿಗೆ ಗ್ವಾಟೆಮಾಲಾ, ಲವಂಗಕ್ಕೆ ಜಂಜಿಬಾರ್, ಗಸಗಸೆಗೆ ಟರ್ಕಿ. ವಿಮಾನ ಇಳಿದ ಕೂಡಲೇ ವಾಪಸು ಟಿಕೆಟ್ಟು ನೋಡುವ ಜಾತಿ ನನ್ನದು. ಗಂಡ ಎಂಬುವನೂ ಒಬ್ಬನಿದ್ದ. ಅವನಿಗೆ ಒಂದೇ ಊರಿನಲ್ಲಿರುವ ಹೆಂಡತಿ ಬೇಕಾಗಿತ್ತು, ಸಿಕ್ಕಿದಳು. ನಮೀಬಿಯಾದಲ್ಲಿ ಒಬ್ಬ ವ್ಯಾಪಾರಿ ನನ್ನ ಕೈಗೆ ರೈಫಲ್ಲು ಕೊಟ್ಟು, "ಉಸಿರು ಬಿಟ್ಟು ಸುಮ್ಮನಿರು" ಅಂದ. ಹುಟ್ಟಿದಾಗಿನಿಂದ ಯಾರು ಹೇಳಿದರೂ ಸುಮ್ಮನಿರದವಳು ಅವತ್ತು ಸುಮ್ಮನಿದ್ದೆ. ಹಾಗಾಗಿ ರೈಫಲ್ಲನ್ನು ಬಿಡಲಾಗಲಿಲ್ಲ.

ಲಂಡನ್ನಿನ ರೈಫಲ್ ಕ್ಲಬ್ಬಿನಲ್ಲಿ ನಾನೊಬ್ಬಳೇ ಕನ್ನಡದವಳು ಅಂದುಕೊಂಡಿದ್ದೆ. ಒಂದು ದಿನ ಪಕ್ಕದ ಬೆಂಚಿನವರ ಗುಂಡು ಗುರಿ ತಪ್ಪಿತು. ಮರುಗಳಿಗೆ ಅಪ್ಪಟ ವಿಜಯಪುರದ ಬೈಗುಳ ಕೇಳಿಸಿತು. ಕ್ಲಬ್ಬಿನ ಇಂಗ್ಲಿಷರು ಅದನ್ನು ಮಂತ್ರವೆಂದು ತಿಳಿದು ಗೌರವದಿಂದ ತಲೆ ಬಾಗಿಸಿದರು. ಅವರೇ ಡಾಕ್ಟ್ರು. ಈಸ್ಟ್ ಹ್ಯಾಮಿನಲ್ಲಿ ಬಹಳ ವರ್ಷ ಜಿಪಿ, ಅಂದರೆ ಬಡಾವಣೆಯ ಡಾಕ್ಟರು, ಆಗಿದ್ದು ನಿವೃತ್ತರಾದವರು, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದವರು. ಇಬ್ಬರದ್ದೂ ಒಂದೇ ಅಳತೆಯ ಮ್ಯಾಗ್ನಂ ರೈಫಲ್ಲು. ಎರಡೂ ಭುಜಕ್ಕೆ ಕತ್ತೆಯ ಹಾಗೆ ಒದೆಯುವಂಥವು.

ಆ ವರ್ಷ ಸ್ಕಾಟ್ಲೆಂಡಿನ ಗುಡ್ಡಕ್ಕೆ ಕೆಂಜಿಂಕೆ ಬೇಟೆಗೆ ಕ್ಲಬ್ಬಿನವರ ಜೊತೆ ಹೋದೆವು. ಅಂಗಡಿಯಿಂದ ತಂದ ನನ್ನ ತೋಟಾಗಳನ್ನೆಲ್ಲ ಸಾಲುಸಾಲಾಗಿ ಗಾಳಿಗೆ ಹಾರಿಸಿ ಮುಗಿಸಿದ್ದೆ. ಕೊನೆಯ ದಿನ ಮಧ್ಯಾಹ್ನ, ಒದ್ದೆ ಹುಲ್ಲಿನಲ್ಲಿ ಹೊಟ್ಟೆ ಮೇಲೆ ಮಲಗಿದ್ದಾಗ, ಎದುರಿನ ದಿಬ್ಬಕ್ಕೆ ದೊಡ್ಡದೊಂದು ಗಂಡುಜಿಂಕೆ ಬಂದು ನಿಂತಿತು. ಡಾಕ್ಟರ ಹತ್ತಿರ ಉಳಿದಿದ್ದುದು ಒಂದೇ ತೋಟಾ, ಅವರೇ ಕೈಯಾರೆ ಮಾಡಿದ್ದು. ಅವರು ಅದನ್ನು ನನ್ನ ಅಂಗೈಯಲ್ಲಿಟ್ಟರು. ಒಂದೇ ಗುಂಡು, ಅಷ್ಟು ದೂರ. ಜಿಂಕೆ ನಿಂತಲ್ಲೇ ಕುಸಿದು ಬಿತ್ತು. ಡಾಕ್ಟ್ರು ಆ ವರ್ಷ ಒಂದೂ ಹೊಡೆಯದೆ ವಾಪಸಾದರು.

"ತಿರುಗಿ ಕೊಡ್ತೀನಿ" ಎಂದೆ ರೈಲಿನಲ್ಲಿ.

"ಅಂಗಡೀದು ಬ್ಯಾಡ್ರಿ ಬಾಯಾರ. ನೀವ ಮಾಡಿ ಕೊಡ್ರಿ. ನಂದು ನೂರು ಗಜಕ್ಕ ಮೂರು ಗುಂಡು ಒಂದಕ್ಕೊಂದು ಮುತ್ತು ಕೊಟ್ಟಂಗ ಬೀಳ್ತಾವ. ಅಂಥಾದ್ದ ಬೇಕು."

ಲಂಡನ್ನಿನ ಕೆಂಟನ್ನಿನಲ್ಲಿ ನನ್ನ ಫ್ಲ್ಯಾಟು ಕೊಳ್ಳುವಾಗ ಬ್ಯಾಂಕಿನವರೂ ಇಂಥ ಕರಾರು ಹಾಕಿರಲಿಲ್ಲ.

ಪೊಲೀಸರಿಗೆ ಉಪ್ಪಿಟ್ಟು

ತೋಟಾ ಮಾಡಲು ನನ್ನ ರೈಫಲ್ಲಿನ ಪರವಾನಗಿಯಲ್ಲಿ ಒಂದಿಷ್ಟು ಬದಲಾವಣೆ ಬೇಕಿತ್ತು. ಪೊಲೀಸ್ ಇಲಾಖೆಯ ಬಂದೂಕು ವಿಚಾರಣೆಯ ಅಧಿಕಾರಿ ಮನೆಗೆ ಬಂದ. ನಯವಾದ ಮನುಷ್ಯ, ಬೂಟು ಬಾಗಿಲಲ್ಲೇ ಬಿಟ್ಟ. ಆಗ ಮೈಸೂರಿನಿಂದ ನನ್ನ ಅಕ್ಕ ಬಂದಿದ್ದಳು. ಅಕ್ಕನಿಗೆ ಇಂಗ್ಲಿಷು ಅರ್ಥವಾಗುತ್ತದೆ, ಮಾತಾಡುವುದು ಮಾತ್ರ ಕನ್ನಡವೇ. ಪೊಲೀಸರು ಅಂದ ಕೂಡಲೇ ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದಳು.

ಅವನು ರೈಫಲ್ಲಿಡಲು ಗೋಡೆಗೆ ಬಿಗಿದ ಕಬ್ಬಿಣದ ಕಪಾಟನ್ನು ಅಲ್ಲಾಡಿಸಿ ನೋಡಿದ. ಆಮೇಲೆ ಉಪ್ಪಿಟ್ಟಿನ ಮೆಣಸಿನಕಾಯಿ ತಟ್ಟೆಯಂಚಿಗೆ ಸರಿಸುತ್ತ ಅಕ್ಕನನ್ನು ಕೇಳಿದ, "ನಿಮ್ಮ ತಂಗಿಯ ಸ್ವಭಾವ ಹೇಗೆ? ಸ್ಥಿರವಾದ ಮನಸ್ಸಿನವರೇ?"

ಅಕ್ಕನಿಗೆ ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಸರ್ಕಾರದ ಮಟ್ಟದಲ್ಲಿ ಯಾರೂ ಕೇಳಿರಲಿಲ್ಲ. "ಸ್ಥಿರವಾ? ಒಂದು ಊರಲ್ಲಿ ಎರಡು ದೀಪಾವಳಿ ಮಾಡಿದವಳಲ್ಲ. ಮದುವೆ ಮಂಟಪದಲ್ಲೇ ಗಡಿಯಾರ ನೋಡ್ತಿದ್ದಳು. ಅಡುಗೆ ಒಲೆ ಮೇಲಿಟ್ಟು ಏರ್‌ಪೋರ್ಟಿಗೆ ಹೋದವಳು. ಅಮ್ಮ ಸಾಯೋವಾಗಲೂ ಇವಳು ಎಲ್ಲಿದ್ದಾಳೆ ಅಂತ ಭೂಪಟದಲ್ಲಿ ಹುಡುಕಿದ್ವಿ."

ಅವನು ನನ್ನ ಕಡೆ ತಿರುಗಿದ. "ಏನಂತಾರೆ?"

"ಬಹಳ ಸ್ಥಿರ ಅಂತಾರೆ."

ಅವನು ಪೆನ್ನು ಎತ್ತಿಕೊಂಡು ಅಕ್ಕನನ್ನೇ ನೋಡಿದ. "ನಮ್ಮ ಅತ್ತೆಯೂ ನನ್ನನ್ನು ಹೀಗೇ ಹೊಗಳೋದು" ಎಂದು ಹೇಳಿ, ಸ್ಥಿರ ಅಂತಲೇ ಬರೆದುಕೊಂಡ.

ಹುಣಸೆಹಣ್ಣು

ಭಾನುವಾರಗಳು ಡಾಕ್ಟರ ಗ್ಯಾರೇಜಿನಲ್ಲಿ. ಕೆಂಟನ್ನಿನಿಂದ ಈಸ್ಟ್ ಹ್ಯಾಮಿಗೆ ಟ್ಯೂಬಿನಲ್ಲಿ ಲಂಡನ್ನು ಈ ತುದಿಯಿಂದ ಆ ತುದಿ. ಅವರು ಸ್ಟೂಲಿನ ಮೇಲೆ ಕೂತು ಕಲಿಸುವರು: ಹಾರಿಸಿ ಖಾಲಿಯಾದ ಕೇಸನ್ನು ಅಚ್ಚಿಗೆ ಹಾಕಿ ಮತ್ತೆ ಅಳತೆಗೆ ತರುವುದು, ಮದ್ದನ್ನು ಗ್ರೇನ್ ಎಂಬ ಕಾಳಿನಷ್ಟು ಸಣ್ಣ ತೂಕದ ಹತ್ತನೇ ಒಂದು ಪಾಲಿನವರೆಗೆ ತೂಗುವುದು, ಗುಂಡು ಕೂರಿಸುವುದು. ನಾನು ಹುಟ್ಟಿನಿಂದ ಅಂದಾಜಿನ ಅಡುಗೆಯವಳು. "ಒಂದು ಚಿಟಿಕೆ ಆಚೆ ಈಚೆ ಆದರೇನು?" ಎಂದರೆ, "ಸಾರಿನ್ಯಾಗ ಉಪ್ಪು ಹೆಚ್ಚಾದ್ರ ನೀರು ಕುಡೀತೀರಿ. ಇದರಾಗ ಹೆಚ್ಚಾದ್ರ ನಿಮ್ಮ ತಿಥಿ ಊಟದಾಗ ನಾವು ನೀರು ಕುಡೀತೀವಿ" ಅನ್ನುವರು.

ನಾನು ಮಾಡಿದ ತೋಟಾ ಒಂದನ್ನೂ ಅವರು ಒಪ್ಪಲಿಲ್ಲ. ಒಮ್ಮೆ ಗುಂಡು ಕೂದಲೆಳೆಯಷ್ಟು ಓರೆ. ಒಮ್ಮೆ ಕುತ್ತಿಗೆ ಉದ್ದ. ಒಮ್ಮೆ, "ಎಲ್ಲಾ ಬರೋಬ್ಬರಿ ಅದ, ಆದ್ರ ಮುಖದಾಗ ಕಳಾ ಇಲ್ಲ." ಕಳೆ ಇಲ್ಲದ ತೋಟಾವನ್ನು ಜೇಬಿಗೆ ಹಾಕಿಕೊಂಡು ನಾನು ಮುಂದಿನ ಭಾನುವಾರ ಬರುವೆ. ಮಡಗಾಸ್ಕರಿನಲ್ಲಿ ವೆನಿಲಾ ಮೂಸುತ್ತ ನಿಂತಿದ್ದರೂ ನನ್ನ ಮೂಗು ಆ ಗ್ಯಾರೇಜಿನ ಎಣ್ಣೆ, ಹಿತ್ತಾಳೆ, ತಣ್ಣಗಾದ ಚಹಾದ ವಾಸನೆ ಹುಡುಕುತ್ತಿತ್ತು. ಅದನ್ನು ಅವರಿಗೆ ಹೇಳಲಿಲ್ಲ. ಅವರೂ ಏನೂ ಹೇಳಲಿಲ್ಲ. ನಾವು ಗ್ರೇನುಗಳ ವಿಷಯ ಮಾತಾಡಿದೆವು.

ಕಳೆ ಇಲ್ಲ ಎಂಬ ಮಾತು, ಕೆಲವು ವರ್ಷದ ಮೇಲೆ ಮತ್ತೆ ಲಂಡನ್ನಿಗೆ ಬಂದಿದ್ದ ಅಕ್ಕನ ಕಿವಿಗೆ ಬಿತ್ತು. ನಾನು ಕೆಲಸದ ಮೇಲೆ ಇಸ್ತಾಂಬುಲಿಗೆ ಹೋಗಿ ಬರುವಷ್ಟರಲ್ಲಿ ಖಾಲಿ ಕೇಸುಗಳನ್ನೆಲ್ಲ ಹುಣಸೆಹಣ್ಣು, ಉಪ್ಪು ಹಾಕಿ ದೇವರ ದೀಪದ ಜೊತೆಗೇ ತಿಕ್ಕಿದ್ದಳು. ಚಿನ್ನದ ಹಾಗೆ ಹೊಳೆಯುತ್ತಿದ್ದವು. ಕ್ಲಬ್ಬಿಗೆ ಒಯ್ದಾಗ ಅಲ್ಲಿನ ಗಡ್ಡದವರು ಮುತ್ತಿಕೊಂಡರು. ಯಾವ ಯಂತ್ರ, ಯಾವ ಪುಡಿ, ಅಮೆರಿಕದ್ದೋ ಜರ್ಮನಿಯದ್ದೋ?

"ಅಕ್ಕ" ಎಂದೆ.

ಒಬ್ಬ ಗಂಭೀರವಾಗಿ ಕೇಳಿದ, "ಅದು ಆನ್‌ಲೈನಿನಲ್ಲಿ ಸಿಗುತ್ತಾ?"

ಕುಂಕುಮದ ತೂಕ

ಅಕ್ಕ ಹೊರಡುವ ಮುಂಚೆ ಆಯುಧಪೂಜೆ ಬಂತು. ಬೇರೆಯವರ ಮನೆಯಲ್ಲಿ ಕಾರಿಗೆ, ಲ್ಯಾಪ್‌ಟಾಪಿಗೆ ಪೂಜೆ. ನಮ್ಮಲ್ಲಿ ನಿಜವಾದ ಆಯುಧವೇ ಇದೆ ಎಂದು ಅಕ್ಕನಿಗೆ ಹಿಗ್ಗು. ರೈಫಲ್ಲಿಗೆ ಸೇವಂತಿಗೆ, ನಾನು ಮನೆಗೂ ಕೊಂಡು ತಂದಿದ್ದ ಅಚ್ಚಿಗೆ ಗಂಧ, ಮದ್ದು ತೂಗುವ ಪುಟ್ಟ ತಕ್ಕಡಿಗೂ ಕುಂಕುಮ.

ಮರುದಿನ ತೂಗಿ ಮಾಡಿದ ತೋಟಾಗಳನ್ನು ರೇಂಜಿಗೆ ಒಯ್ದೆ. ಮೂರು ಗುಂಡು ಹಾರಿಸಿ ದುರ್ಬೀನಿನಲ್ಲಿ ನೋಡಿದರೆ ಕಾಗದದಲ್ಲಿ ಒಂದೇ ತೂತು, ಮೂರೆಸಳಿನ ಹೂವಿನ ಹಾಗೆ. ಎಲ್ಲವೂ ಹಳೆಯದೇ: ಅದೇ ಮದ್ದು, ಅದೇ ಗುಂಡು, ಅದೇ ತೂಕ. ಖುಷಿಗೆ ಮನೆಗೆ ಬಂದವಳೇ ತಕ್ಕಡಿಯನ್ನು ತೊಳೆದು ಒರೆಸಿಟ್ಟೆ. ಮುಂದಿನ ವಾರ ಅದೇ ತೂಕದಲ್ಲಿ ಮಾಡಿದ ಗುಂಡುಗಳು ಮತ್ತೆ ಮೂರು ದಿಕ್ಕಿಗೆ ಹೋದವು, ನನ್ನ ಹಾಗೆ.

ಡಾಕ್ಟರಿಗೆ ಹೇಳಿದೆ. ಅವರು ಕೇಳಿದರು: "ಬಾಯಾರ, ತಕ್ಕಡಿಗೆ ಕುಂಕುಮ ಹಚ್ಚಿದ್ದು ಎಲ್ಲಿ?"

"ಮದ್ದು ಹಾಕುವ ಬಟ್ಟಲಿಗೆ."

"ಮತ್ತ! ಬಟ್ಟಲಾ ಭಾರ ಆತು. ಕುಂಕುಮದಷ್ಟು ಮದ್ದು ಕಡಿಮಿ ಬಿತ್ತು. ನಿಮ್ಮ ರೈಫಲ್ಲಿಗೆ ಬೇಕಾದ ತೂಕ ನಾವಿಬ್ಬರೂ ಹುಡುಕಲಿಲ್ಲ, ನಿಮ್ಮ ಅಕ್ಕಾರು ಹುಡುಕಿದ್ರು."

ಅಷ್ಟರಲ್ಲಿ ಅಕ್ಕ ಮೈಸೂರು ತಲುಪಿದ್ದಳು. ಫೋನು ಮಾಡಿ, "ತಕ್ಕಡಿಗೆ ಕುಂಕುಮ ಎಷ್ಟು ಇಟ್ಟಿದ್ದೆ?" ಎಂದೆ.

"ಎಷ್ಟು ಅಂದ್ರೆ?"

"ತೂಕ ಅಕ್ಕ, ತೂಕ."

ಆ ಕಡೆ ಅಕ್ಕ ಯಾರಿಗೋ ಹೇಳುವುದು ಕೇಳಿಸಿತು: "ನಾನು ಹೇಳ್ಲಿಲ್ವಾ, ಆ ದೇಶದಲ್ಲಿ ಒಬ್ಬಳೇ ಇದ್ದೂ ಇದ್ದೂ ಹೀಗಾಗಿದ್ದಾಳೆ."

ತೀರಿಸಿದ್ದು

ಎಳ್ಳಷ್ಟೆಳ್ಳಷ್ಟೇ ಮದ್ದು ಇಳಿಸುತ್ತ ಹೋಗಿ ಆ ತೂಕ ಮತ್ತೆ ಹಿಡಿಯುವ ಹೊತ್ತಿಗೆ ಚಳಿಗಾಲ ಕಳೆದಿತ್ತು. ಆ ಹೊತ್ತಿಗೆ ಡಾಕ್ಟರ ಕಣ್ಣುಗಳು ಕೈಬಿಟ್ಟಿದ್ದವು. ಎದುರಿಗಿದ್ದವರ ಮುಖದ ನಡುವೆಯೇ ಒಂದು ಮಬ್ಬು ಕಲೆ, ಸುತ್ತ ಮಾತ್ರ ಕಾಣುತ್ತದೆ ಎಂದರು. "ಈಗ ನೀವು ಬರೇ ಕಿವಿ ಮತ್ತ ಕೂದಲಾ ಬಾಯಾರ." ರೈಫಲ್ಲು ಮಾರಿದರು. ಪರವಾನಗಿಯನ್ನು ತಾವಾಗಿಯೇ ಪೊಲೀಸರಿಗೆ ಹಿಂದಿರುಗಿಸಿದರು. ಗ್ಯಾರೇಜು ಖಾಲಿ. ನಾವು ಈಗ ಅಡುಗೆಮನೆಯಲ್ಲಿ ಕೂರುತ್ತಿದ್ದೆವು. ಅವರು ಆ ಗುಡ್ಡದ ಮಧ್ಯಾಹ್ನವನ್ನು ಮತ್ತೆ ಮತ್ತೆ ಹೇಳಿಸುವರು: ಜಿಂಕೆ ಯಾವ ಕಡೆ ಮುಖ ಮಾಡಿತ್ತು, ಹುಲ್ಲು ಯಾವ ಬಣ್ಣ, ತೋಟಾ ಕೊಡುವಾಗ ತಾವು ಏನಂದಿದ್ದರು. ನಾನು ಭೂಮಿಯ ಮೇಲೆ ಇಷ್ಟೆಲ್ಲ ತಿರುಗಿದ್ದೇನೆ. ಮತ್ತೆ ಹೋಗಬೇಕು ಅನ್ನಿಸುವ ಜಾಗ ಆ ಒದ್ದೆ ಹುಲ್ಲು ಒಂದೇ, ಅದೂ ಪಕ್ಕದಲ್ಲಿ ಅವರು ಮಲಗಿ ಪಿಸುಗುಡುತ್ತಿದ್ದರೆ ಮಾತ್ರ.

ಕೊನೆಗೂ ಕೊಡಬಹುದಾದ ತೋಟಾ ನನ್ನ ಹತ್ತಿರ ಇತ್ತು. ಪಡೆಯುವ ಹಕ್ಕು ಅವರ ಹತ್ತಿರ ಇರಲಿಲ್ಲ. ಉಪ್ಪಿಟ್ಟಿನ ಅಧಿಕಾರಿಗೇ ಫೋನು ಮಾಡಿದೆ.

"ಪರವಾನಗಿ ಇಲ್ಲದವರಿಗೆ ತೋಟಾ ಕೊಡುವ ಹಾಗಿಲ್ಲ ಮೇಡಂ. ಒಂದೇ ಆದರೂ."

"ಅವರು ಹಾರಿಸೋದಿಲ್ಲ. ರೈಫಲ್ಲೂ ಇಲ್ಲ, ಕಣ್ಣೂ ಇಲ್ಲ. ಇದು ಸಾಲ."

ಅವನು ಮೆತ್ತಗೆ ಹೇಳಿದ: "ಮದ್ದಿಲ್ಲದ್ದು, ಬುಡದಲ್ಲಿನ ಸಿಡಿಯುವ ಕ್ಯಾಪು ಸತ್ತದ್ದು ಆದರೆ ಅದು ತೋಟಾ ಅಲ್ಲ ಮೇಡಂ, ಅಲಂಕಾರದ ಸಾಮಾನು."

ಗ್ರೇನಿನ ಹತ್ತನೇ ಒಂದು ಪಾಲಿಗಾಗಿ ವರ್ಷಗಟ್ಟಲೆ ಕಣ್ಣು ಕಿರಿದು ಮಾಡಿ ಕೂತವಳು ನಾನು. ಕೊನೆಗೆ ಖಾಲಿ ಕೊಡುವುದೇ? ಮನಸ್ಸು ಒಪ್ಪಲಿಲ್ಲ. ಹಾರಿಸಿ ಸತ್ತ ಕ್ಯಾಪಿನ ಕೇಸೊಂದನ್ನು ಹೊಳೆಯುವ ಹಾಗೆ ತಿಕ್ಕಿ, ಒಳಗೆ ಬೇರೊಂದನ್ನು ತೂಗಿ ತುಂಬಿ, ಗುಂಡು ಕೂರಿಸಿದೆ. ಆ ಭಾನುವಾರ ಟ್ಯೂಬಿನಲ್ಲಿ ದಾರಿಯುದ್ದಕ್ಕೂ ಒಂದೇ ಯೋಚನೆ: ಇದನ್ನು ಕೊಟ್ಟ ಮೇಲೆ ಈಸ್ಟ್ ಹ್ಯಾಮಿಗೆ ಬರಲು ನನಗೆ ಯಾವ ನೆಪ ಉಳಿಯುತ್ತದೆ?

ಡಾಕ್ಟ್ರು ಅದನ್ನು ಬೆರಳ ತುದಿಯಿಂದ ತಡವಿದರು. ಕುತ್ತಿಗೆ, ಭುಜ, ಬುಡ. ಓರೆ ಎನ್ನಲಿಲ್ಲ. ಉದ್ದ ಎನ್ನಲಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಮುಖ ಬಿಳಿಚಿತು.

"ಬಾಯಾರ! ಒಳಗ ಮದ್ದದಲ್ರಿ! ಈ ವಯಸ್ಸಿನ್ಯಾಗ ನನ್ನ ಜೇಲಿಗೆ ಕಳಸ್ತೀರೇನು?"

"ಇನ್ನೊಂದು ಸಲ ಕೇಳಿ."

ಮತ್ತೆ ಅಲ್ಲಾಡಿಸಿದರು. "ಇದು ಮದ್ದಿನ ಸಪ್ಪಳ ಅಲ್ಲ. ಮೆತ್ತಗದ. ರವಾ ಏನು?"

"ಗಸಗಸೆ. ಟರ್ಕಿಯದ್ದು, ಒಂದನೇ ದರ್ಜೆ. ಮದ್ದು ಎಷ್ಟು ಹಾಕಬೇಕಿತ್ತೋ ಅಷ್ಟೇ ತೂಕ."

"ಇದನ್ನ ಗುಡ್ಡದ ಮ್ಯಾಲ ಹಾರಿಸಿದ್ರ ಏನಾಗ್ತದ?"

"ಏನೂ ಆಗಲ್ಲ. ಜಿಂಕೆ ಹತ್ತಿರ ಬಂದು ಪಾಯಸ ಆಯ್ತಾ ಅಂತ ಕೇಳುತ್ತೆ."

ಅವರು ನಕ್ಕರು. ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ತೋಟಾವನ್ನು ಅಂಗಿಯ ಎಡ ಜೇಬಿಗೆ ಇಳಿಸಿ, ಮೇಲಿನಿಂದ ಕೈ ಇಟ್ಟುಕೊಂಡು, "ಮುಟ್ಟಿತು. ಸಾಲ ತೀರಿತು" ಎಂದರು.

ತೀರಿತು ಎಂಬ ಮಾತು ಇಷ್ಟು ಕೆಟ್ಟದಾಗಿ ಕೇಳಿಸುತ್ತದೆಂದು ನನಗೆ ಗೊತ್ತಿರಲಿಲ್ಲ. ಹೊರಡುವುದರಲ್ಲಿ ಪಳಗಿದವಳು, ಎದ್ದು ಕೋಟು ಹಾಕಿಕೊಂಡೆ.

"ಎಲ್ಲಿ ಹೊಂಟ್ರಿ?" ಡಾಕ್ಟ್ರು ಕೂತಲ್ಲಿಂದಲೇ ಗದರಿದರು. "ಅಸಲು ಮುಟ್ಟೇದ. ಇಷ್ಟು ವರ್ಷದ ಬಡ್ಡಿ ಯಾರು ಕೊಡಾವ್ರು? ಬರೋ ಐತವಾರ ಗಸಗಸಿ ಪಾಯಸಾ ಮಾಡ್ಕೊಂಡು ಬರ್ರಿ. ಮತ್ತ ಈಗ ಹೇಳಿರ್ತೀನಿ, ಮೊದಲನೇ ಸಲಕ್ಕ ನಾ ಒಪ್ಪಾಂವ ಅಲ್ಲ."